ಇಪ್ಪತ್ತನಾಲ್ಕು ಗಂಟೆ ಆಡಿದ ಮಾತು ಲೆಕ್ಕಕ್ಕಿಲ್ಲ

ಗಡಿಯಾರಪ್ಪ: ಅದು ಯಂತ್ರ ಅಲ್ಲ ಕಣೇ! ಕೈಗಡಿಯಾರ! ನನ್ನ ಕೈಗಡಿಯಾರ!

ಮನೆಯಾಕೆ: ಒಳಗೆ ಚಕ್ರ ಇದೆಯೋ ಇಲ್ವೋ?

ಗಡಿಯಾರಪ್ಪ: ಇದೆ.

ಮನೆಯಾಕೆ: ತಿರುಗುತ್ತೋ ಇಲ್ವೋ?

ಗಡಿಯಾರಪ್ಪ: ತಿರುಗದೇ ಇದ್ರೆ ಇಷ್ಟು ವರ್ಷ ನಿನ್ನ ಒಲೆ ಹೇಗೆ ಉರೀತಿತ್ತು?

ಮನೆಯಾಕೆ: ಹಾಗಾದ್ರೆ ಯಂತ್ರವೇ. ಕೇಳಿ, ಚೀಟಿ ಓದ್ತೀನಿ. "ಇಪ್ಪತ್ತನಾಲ್ಕು ಗಂಟೆಗಳ ಕಾಲ ವಾಹನ ಚಲಾಯಿಸಬಾರದು, ಯಂತ್ರಗಳನ್ನು ಬಳಸಬಾರದು." ಅದಕ್ಕೇ ಬಿಚ್ಚಿ ಅಣ್ಣನ ಕೈಗೆ ಕೊಟ್ಟೆ.

ಗಡಿಯಾರಪ್ಪ: ಲೋಕದಲ್ಲಿ ಬೇರೆ ಯಾರ ಕೈಯೂ ಸಿಗಲಿಲ್ವಾ ನಿನಗೆ? ಹದಿನಾಲ್ಕು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟ ಮನುಷ್ಯನ ಕೈಗೆ ನನ್ನ ವಾಚು!

ಮನೆಯಾಕೆ: ಮಾತು ಬಿಟ್ಟವನೇ ಇವತ್ತು ಕಾರು ತಂದಿದ್ದು. ಮಾತಾಡೋರು ಯಾರೂ ಬರಲಿಲ್ಲ.

ಗಡಿಯಾರಪ್ಪನಿಗೆ ಆ ಹೆಸರು ಇಟ್ಟದ್ದು ಬೀದಿಯ ಜನ. ನಲವತ್ತು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುವ ಮನುಷ್ಯ. ಊರವರ ಗಡಿಯಾರಗಳನ್ನೆಲ್ಲ ದಾರಿಗೆ ತಂದವನ ಎದೆಯೇ ಈಚೆಗೆ ಒಮ್ಮೆ ಓಡುವುದು, ಒಮ್ಮೆ ಕುಂಟುವುದು ಶುರುಮಾಡಿತ್ತು. ಅದಕ್ಕೇ ಈ ದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು, ಮಂಪರಿನ ಸೂಜಿ ಕೊಟ್ಟು, ಅನ್ನನಾಳಕ್ಕೆ ಕೊಳವೆ ಇಳಿಸಿ, ಹೃದಯವನ್ನು ಹಿಂಬಾಗಿಲಿನಿಂದ ಇಣುಕಿ ನೋಡಿದಂತೆ ನೋಡಿ ಚಿತ್ರ ತೆಗೆದರು. ಭಯಪಡುವಂಥದ್ದು ಏನೂ ಕಾಣಲಿಲ್ಲ. ಮಾತ್ರೆ ಸಾಕು ಅಂದರು. ಭಯಪಡುವಂಥದ್ದು ಇದ್ದದ್ದು ಮನೆಗೆ ಕೊಟ್ಟು ಕಳುಹಿಸಿದ ಚೀಟಿಯಲ್ಲಿ. ಅದು ಮನೆಯಾಕೆಯ ಕೈಗೆ ಸಿಕ್ಕಿತ್ತು.

ಗಡಿಯಾರಪ್ಪ: ಹೋಗಲಿ, ಒಂದು ಗುಟುಕು ನೀರಾದ್ರೂ ಕೊಡು.

ಮನೆಯಾಕೆ: ಎರಡು ಗಂಟೆ ಏನೂ ಕೊಡಬೇಡಿ ಅಂದಿದ್ದಾರೆ. ಗಂಟಲು ಮರಗಟ್ಟಿರುತ್ತೆ, ನೀರು ದಾರಿ ತಪ್ಪಿ ಶ್ವಾಸಕ್ಕೆ ನುಗ್ಗುತ್ತೆ.

ಗಡಿಯಾರಪ್ಪ: ಎರಡು ಗಂಟೆ ಆಗಿಹೋಯ್ತು!

ಮನೆಯಾಕೆ: ಯಾರು ಹೇಳಿದ್ದು?

ಗಡಿಯಾರಪ್ಪ: ಗಡಿಯಾರ ನೋಡು!

ಮನೆಯಾಕೆ: ಯಾವ ಗಡಿಯಾರ?

 ಗೋಡೆಯ ತುಂಬ ಹದಿನೇಳು ಗಡಿಯಾರ, ಹದಿನೇಳೂ ನಡೆಯುತ್ತಿದ್ದವು, ಒಂದೂ ಸರಿಯಾದ ಸಮಯ ತೋರಿಸುತ್ತಿರಲಿಲ್ಲ. ಗಡಿಯಾರಪ್ಪನ ಪದ್ಧತಿಯೇ ಹಾಗೆ. ರಿಪೇರಿ ಮುಗಿದ ಕೂಡಲೇ ಎರಡೂ ಮುಳ್ಳನ್ನು ಹನ್ನೆರಡಕ್ಕೆ ತಂದು, ಅಲ್ಲಿಂದ ನಡೆಸಿ, ಗೋಡೆಗೆ ತೂಗುಹಾಕುವುದು. ಎಷ್ಟು ಹೊತ್ತು ನಿಲ್ಲದೆ ನಡೆಯಿತು ಎಂದು ನೋಡಿದ ಕೂಡಲೇ ಗೊತ್ತಾಗಬೇಕಲ್ಲ. ಹೀಗಾಗಿ ಆ ಗೋಡೆಯ ಮೇಲೆ ಪ್ರತಿ ಗಡಿಯಾರಕ್ಕೂ ತಾನು ಹುಟ್ಟಿದ ಗಳಿಗೆಯೇ ಹನ್ನೆರಡು. ಸರಿಯಾದ ಸಮಯ ಇದ್ದದ್ದು ಅವನ ಕೈಗಡಿಯಾರದಲ್ಲಿ ಮಾತ್ರ. ಅದು ಮನೆಯಾಕೆಯ ಅಣ್ಣನ ಜೊತೆ ಔಷಧಿ ಅಂಗಡಿಗೆ ಹೋಗಿತ್ತು; ಅವನೂ ಇವನೂ ಒಬ್ಬರಿಗೊಬ್ಬರು ಭಾವ.

ಗಡಿಯಾರಪ್ಪ: ನಿನ್ನ ಫೋನಲ್ಲಿ ನೋಡು.

ಮನೆಯಾಕೆ: ಬೆಳಗ್ಗೆಯಿಂದ ಎಲ್ಲರಿಗೂ ನಿಮ್ಮ ಎದೆ ಸಮಾಚಾರ ಹೇಳಿ ಹೇಳಿ ಸತ್ತಿದೆ. ಚಾರ್ಜರು ಅಣ್ಣನ ಕಾರಲ್ಲಿದೆ.

ಗಡಿಯಾರಪ್ಪ: ಅಗೋ, ಆ ಉದ್ದದ ಗಡಿಯಾರ. ಮನೆಗೆ ಬಂದಾಗ ನಾಲ್ಕು ತೋರಿಸ್ತಿತ್ತು. ಈಗ ಆರು.

ಮನೆಯಾಕೆ: ಇಗೋ, ಈ ಗುಂಡನೆಯದು. ಬಂದಾಗ ಒಂಬತ್ತು, ಈಗ ಒಂಬತ್ತೂಮುಕ್ಕಾಲು. ನಾನು ಇದನ್ನ ನಂಬ್ತೀನಿ.

ಗಡಿಯಾರಪ್ಪ: ಅದು ನಿಧಾನ ಅಂತಲೇ ಕಣೇ ರಿಪೇರಿಗೆ ಬಂದಿರೋದು!

ಮನೆಯಾಕೆ: ನಿಧಾನ ಒಳ್ಳೇದು. ನಿಮ್ಮ ಎದೆಗೂ ಅದನ್ನೇ ಹೇಳಿದ್ದಾರೆ.

ಗಡಿಯಾರಪ್ಪ ಕುರ್ಚಿಯಿಂದ ಎದ್ದ. ಮನೆಯಾಕೆ ಅಡ್ಡ ನಿಂತಳು.

ಮನೆಯಾಕೆ: ಎಲ್ಲಿಗೆ?

ಗಡಿಯಾರಪ್ಪ: ಬಚ್ಚಲಿಗೆ.

ಮನೆಯಾಕೆ: ಇಪ್ಪತ್ತನಾಲ್ಕು ಗಂಟೆ ಮುಖ್ಯವಾದ ನಿರ್ಧಾರ ತಗೋಬಾರದು ಅಂತಿದೆ.

ಗಡಿಯಾರಪ್ಪ: ಬಚ್ಚಲಿಗೆ ಹೋಗೋದು ಮುಖ್ಯವಾದ ನಿರ್ಧಾರವಾ?

ಮನೆಯಾಕೆ: ನಿಮ್ಮ ವಯಸ್ಸಿಗೆ ಹೌದು. ನನ್ನ ಹೆಗಲು ಹಿಡ್ಕೊಳ್ಳಿ. ಬಾಗಿಲಿಗೆ ಚಿಲಕ ಹಾಕಬೇಡಿ.

ಹೋಗಿ ಬಂದದ್ದಾಯಿತು. ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಅವನ ಮುಖವನ್ನು ಕದ್ದು ನೋಡಿದಳು. ಅವನೂ ಅವಳನ್ನು ಕದ್ದೇ ನೋಡುತ್ತಿದ್ದ.

ಗಡಿಯಾರಪ್ಪ: ಆಸ್ಪತ್ರೆಯಲ್ಲಿ ಎಚ್ಚರ ಆಗೋವಾಗ ನಾನೇನೋ ಮಾತಾಡಿದೆನಂತೆ. ಆ ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ರು. ನಿನ್ನ ಅಣ್ಣ ಕಾರಲ್ಲಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಏನಂದೆ ನಾನು?

ಮನೆಯಾಕೆ: ಏನಂದ್ರೂ ಲೆಕ್ಕಕ್ಕಿಲ್ಲ. ಇಪ್ಪತ್ತನಾಲ್ಕು ಗಂಟೆ ಆಡಿದ ಮಾತು ಯಾವುದೂ ಲೆಕ್ಕಕ್ಕಿಲ್ಲ.

ಗಡಿಯಾರಪ್ಪ: ಹಾಗಂತ ಚೀಟಿಯಲ್ಲಿದೆಯಾ?

ಮನೆಯಾಕೆ: ಸಹಿ ಹಾಕಬಾರದು ಅಂತಿದೆ. ಹಾಕಿದ ಸಹಿಯೇ ನಡೆಯಲ್ಲ ಅಂದ ಮೇಲೆ, ಆಡಿದ ಮಾತು ಯಾವ ಊರಿನ ದೊರೆ?

ಗಡಿಯಾರಪ್ಪ: ಅಂದ್ರೆ ಏನೋ ಅಂದಿದ್ದೀನಿ. ಎಲ್ಲರ ಎದುರಿಗೇ ಅಂದಿದ್ದೀನಿ. ನಿನ್ನ ಅಕ್ಕನ ಅಲಾರಂ ವಿಷಯವಾ?

ಮನೆಯಾಕೆ: ಅಕ್ಕನ ಅಲಾರಂಗೆ ಏನಾಯ್ತು?

ಗಡಿಯಾರಪ್ಪ: ಏನಿಲ್ಲ. ಹಾಗಾದ್ರೆ ನಿನ್ನ ಚಹಾದ ವಿಷಯವಾ?

ಮನೆಯಾಕೆ: ನನ್ನ ಚಹಾಕ್ಕೆ ಏನಾಗಿದೆ?

ಗಡಿಯಾರಪ್ಪ: ಚೆನ್ನಾಗಿರುತ್ತೆ ಅಂತ. ಅದೂ ಅಲ್ವಾ? ಅಯ್ಯೋ ಹಾಗಾದ್ರೆ... ನಾವು ಮದುವೆಯಾದಾಗ ಮಂಚದ ಪಕ್ಕ ಒಂದು ಗಡಿಯಾರ ಇತ್ತಲ್ಲ, ಫೋನು ಬರೋ ತನಕ ಇತ್ತಲ್ಲ, ಅದನ್ನ ನಾನು ಅರ್ಧ ಗಂಟೆ ಮುಂದಕ್ಕೆ ಇಡ್ತಿದ್ದೆ ಅಂದೆನಾ?

ಮನೆಯಾಕೆ: ಅರ್ಧ ಗಂಟೆ ಮುಂದಕ್ಕಾ? ಯಾಕೆ?

ಗಡಿಯಾರಪ್ಪ: ನೀನು ಮೊದಲು ಎದ್ದು ಒಲೆ ಹಚ್ಚಲಿ ಅಂತ.

ಮನೆಯಾಕೆ: ಇಪ್ಪತ್ತೆರಡು ವರ್ಷ! ಇಪ್ಪತ್ತೆರಡು ವರ್ಷ ದಿನಾ ಅರ್ಧ ಗಂಟೆ ನಿದ್ದೆ ಕದ್ದಿದ್ದೀರಾ ನನ್ನದು?

ಗಡಿಯಾರಪ್ಪ: ಇದನ್ನ ನಾನು ಹೇಳಿರಲಿಲ್ವಾ?

ಮನೆಯಾಕೆ: ಇಲ್ಲ. ಈಗ ಹೇಳಿದ್ರಿ.

ಗಡಿಯಾರಪ್ಪ: ಲೆಕ್ಕಕ್ಕಿಲ್ಲ ಕಣೇ! ಚೀಟಿ ಪ್ರಕಾರ ಈ ಮಾತು ಲೆಕ್ಕಕ್ಕಿಲ್ಲ!

ಮನೆಯಾಕೆ: ಇದು ಲೆಕ್ಕಕ್ಕಿದೆ!

ಗಡಿಯಾರಪ್ಪ: ಹಾಗಾದ್ರೆ ಅದೂ ಲೆಕ್ಕಕ್ಕಿರಬೇಕು. ಯಾವುದಾದ್ರೂ ಒಂದು ಹೇಳು. ಏನಂದೆ?

  ಒಂದು ಗಡಿಯಾರ ಹಾದಿ ತಪ್ಪಿದವರಂತೆ ಎಂಟು ಹೊಡೆಯಿತು. ಮನೆಯಾಕೆ ಗೋಡೆಯ ನಡುವೆ ಖಾಲಿ ಇದ್ದ ಒಂದು ಮೊಳೆಯನ್ನು ನೋಡುತ್ತಾ ಕುಳಿತಳು.

ಆ ಮೊಳೆಯ ಮೇಲೆ ಹದಿನಾಲ್ಕು ವರ್ಷದ ಹಿಂದೆ ಅವಳ ಅಪ್ಪನ ಲೋಲಕದ ಗಡಿಯಾರ ಇತ್ತು. ಅಪ್ಪ ಹೋದ ಮೇಲೆ ಅದು ಅಣ್ಣನ ಪಾಲಿಗೆ ಬಂದು, ಅಣ್ಣ ಅದನ್ನು ರಿಪೇರಿಗೆ ಅಂತ ಇಲ್ಲಿಗೆ ತಂದುಕೊಟ್ಟಿದ್ದ. ಗಡಿಯಾರಪ್ಪ ಒಂದು ತಿಂಗಳು ಕೂತು ಅದಕ್ಕೆ ಜೀವ ಕೊಟ್ಟ. ಒಯ್ಯಲು ಬಂದ ದಿನ ಅಣ್ಣ ಸಣ್ಣವನಿದ್ದಾಗಿನ ಹಾಗೆ ಆಸೆಯಿಂದ ತಾನೇ ಕೀ ಕೊಟ್ಟ. ಗಡಿಯಾರ ನಾಲ್ಕು ಸಲ ಟಿಕ್ ಅಂದು ನಿಂತಿತು. "ಇದೇನು ಭಾವ ನಿಮ್ಮ ಕೆಲಸ" ಎಂದು ಅವನು, "ಬಸ್ಸಿನ ಗೇರು ಎಳೆದ ಕೈ, ಕೀ ಜಾಸ್ತಿ ಕೊಟ್ಟು ಸ್ಪ್ರಿಂಗ್ ಮುರಿದ್ರಿ" ಎಂದು ಇವನು. ಅಣ್ಣ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟವನು ಆಮೇಲೆ ಈ ಹೊಸಿಲು ತುಳಿದಿರಲಿಲ್ಲ.

ಮನೆಯಾಕೆ: ನೀವು ಅಣ್ಣನ ಕೈ ಹಿಡ್ಕೊಂಡು ಅಂದ್ರಿ.

ಗಡಿಯಾರಪ್ಪ: ಏನಂತ?

ಮನೆಯಾಕೆ: "ಭಾವ, ನೀವು ಕೀ ಜಾಸ್ತಿ ಕೊಟ್ಟಿರಲಿಲ್ಲ. ಅವತ್ತು ಬೆಳಗ್ಗೆ ಅವಳು ಧೂಳು ಒರೆಸೋವಾಗ ಬೀಳಿಸಿದ್ಲು. ನನಗೆ ಗೊತ್ತು. ಅವಳಿಗೆ ಹೇಳಬೇಡಿ" ಅಂತ. ನಾನು ಅಲ್ಲೇ ನಿಮ್ಮ ಕಾಲ ಹತ್ರ ನಿಂತಿದ್ದೆ.

ಗಡಿಯಾರಪ್ಪ ಬೆನ್ನಿನ ದಿಂಬು ಸರಿಮಾಡಿಕೊಂಡ.

ಮನೆಯಾಕೆ: ನಿಮಗೆ ಗೊತ್ತಿತ್ತಾ?

ಗಡಿಯಾರಪ್ಪ: ಮರದ ಮೂಲೆ ಜಜ್ಜಿತ್ತು. ಇನ್ನೇನು, ಗಡಿಯಾರ ತಾನಾಗಿ ಹೋಗಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾ?

ಮನೆಯಾಕೆ: ಹದಿನಾಲ್ಕು ವರ್ಷ ಯಾಕೆ ಹೇಳಲಿಲ್ಲ?

ಗಡಿಯಾರಪ್ಪ: ನೀನು ಯಾಕೆ ಹೇಳಲಿಲ್ಲ?

ಮನೆಯಾಕೆ: ನಮ್ಮಪ್ಪನ ಗಡಿಯಾರ ನಾನೇ ಕೊಂದೆ ಅಂತ ಹೇಳಿದ್ರೆ ಅಣ್ಣ ನನ್ನ ಜೊತೆ ಮಾತು ಬಿಡ್ತಿದ್ದ.

ಗಡಿಯಾರಪ್ಪ: ಅದಕ್ಕೆ ನನ್ನ ಜೊತೆ ಬಿಡಿಸಿದೆ.

ಮನೆಯಾಕೆ: ನಿಮಗೆ ನಾನಿದ್ದೆ. ನನಗೆ ತವರು ಅಂತ ಇರೋನು ಅಣ್ಣ ಒಬ್ಬನೇ. ಈಗ ಅವನೂ ಹೋದ. ನೋಡಿ, ಅವನು ಬಂದ ಕೂಡಲೇ ಹೇಳಿಬಿಡಿ, ಅದೆಲ್ಲ ಸೂಜಿಯ ಮಾತು, ನನ್ನ ಮಾತಲ್ಲ ಅಂತ. ನಿಮ್ಮ ದಮ್ಮಯ್ಯ.

ಗಡಿಯಾರಪ್ಪ: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮನೆಯಾಕೆ: ಹೋಗಲ್ಲ! ಇಪ್ಪತ್ತನಾಲ್ಕು ಗಂಟೆ ಹೋಗಲ್ಲ!

ಹೊರಗೆ ಕಾರಿನ ಹಾರನ್ನು ಬಸ್ಸಿನ ಹಾರನ್ನಿನಷ್ಟು ಉದ್ದಕ್ಕೆ ಕೂಗಿತು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಭಾವ ಬಾಗಿಲಿಗೆ ಬಂದ. ಒಂದು ಕೈಯಲ್ಲಿ ಮಾತ್ರೆ, ಚಾರ್ಜರು. ಇನ್ನೊಂದು ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟು. ಅವನ ಮಣಿಕಟ್ಟಿನಲ್ಲಿ ಗಡಿಯಾರಪ್ಪನ ವಾಚು. ಹೊಸಿಲ ಆಚೆಯೇ ಒಂದು ಗಳಿಗೆ ನಿಂತು, ಕೊನೆಗೆ ಒಳಗೆ ಬಂದು, ಗಂಟನ್ನು ಮೇಜಿನ ಮೇಲೆ ಮಲಗಿಸಿದ. ಮನೆಯಾಕೆ ಚಾರ್ಜರು ಕಿತ್ತುಕೊಂಡು ಫೋನಿಗೆ ಸಿಕ್ಕಿಸಿದಳು. 

ಮನೆಯಾಕೆ: ಅಣ್ಣಾ, ಮೊದಲು ಈ ಚೀಟಿ ಓದು. ಇವರು ಬೆಳಗ್ಗೆ ಅಂದಿದ್ದು ಯಾವುದೂ ಲೆಕ್ಕಕ್ಕಿಲ್ಲ. ಎಲ್ಲ ಸೂಜಿ ಆಡಿಸಿದ್ದು.

ಭಾವ ಚೀಟಿಯನ್ನು ತೋಳುದ್ದ ದೂರಕ್ಕೆ ಹಿಡಿದು, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಮೇಲಿನಿಂದ ಕೆಳಗೆ ಓದಿದ.

ಭಾವ: ಹೌದಾ ಭಾವ? ಸೂಜಿಯ ಮಾತಾ?

ಗಡಿಯಾರಪ್ಪ ಹೆಂಡತಿಯ ಮುಖ ನೋಡಿದ.

ಗಡಿಯಾರಪ್ಪ: ಹೌದು. ಅವಳು ಬೀಳಿಸಲಿಲ್ಲ. ನಾನೇ ಬೀಳಿಸಿದ್ದು.

ಭಾವ: ಇದು ಎಷ್ಟು ಹೊತ್ತಿಗೆ ಹೇಳ್ತಿರೋ ಮಾತು? (ವಾಚು ನೋಡಿ) ಎರಡೂಮುಕ್ಕಾಲು. ಸೂಜಿ ಕೊಟ್ಟಿದ್ದು ಹನ್ನೊಂದಕ್ಕೆ. ಹಾಗಾದ್ರೆ ಇದೂ ಲೆಕ್ಕಕ್ಕಿಲ್ಲ.

ಗಡಿಯಾರಪ್ಪ: ಎರಡೂಮುಕ್ಕಾಲಾ! ಕೊಳವೆ ತೆಗೆದಿದ್ದು ಹನ್ನೊಂದೂವರೆಗೆ! ಒಂದೂವರೆಗೇ ನೀರು ಕುಡೀಬಹುದಿತ್ತು! ಲೇ!

ಮನೆಯಾಕೆ: ಒಂದು ಗಂಟೆ ಜಾಸ್ತಿ ಆದ್ರೆ ಗಂಟಲೇನೂ ತುಕ್ಕು ಹಿಡಿಯಲ್ಲ.

ಚಮಚದಲ್ಲಿ ತಣ್ಣೀರು ತಂದು ಒಂದೇ ಒಂದು ಗುಟುಕು ಕೊಟ್ಟು, ಅವನ ಗಂಟಲಿನ ಉಬ್ಬು ಇಳಿದು ಮೇಲೆ ಬರುವ ತನಕ ಕಣ್ಣು ಮಿಟುಕಿಸದೆ ನೋಡಿದಳು. ಅವನು ಕೆಮ್ಮಲಿಲ್ಲ. ಎರಡನೆಯ ಚಮಚ ಕೊಟ್ಟಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಅವಳ ಕಣ್ಣಲ್ಲೇ ನೀರು ಬಂತು.

ಮನೆಯಾಕೆ: ನಾನೇ ಅಣ್ಣಾ. ನಾನೇ ಬೀಳಿಸಿದ್ದು. ನನಗೆ ಯಾರೂ ಸೂಜಿ ಕೊಟ್ಟಿಲ್ಲ. ನನ್ನ ಮಾತು ಲೆಕ್ಕಕ್ಕಿದೆ. ಬೈಯೋದಿದ್ರೆ ಬೈದುಬಿಡು, ಮಾತು ಮಾತ್ರ ಬಿಡಬೇಡ.

ಭಾವ ಬೈಯಲಿಲ್ಲ. ತಲೆ ಕೆರೆದುಕೊಂಡ. ಗಂಟಿನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಳ್ಳುವವನ ಮುಖ ಅವನದಾಗಿತ್ತು.

ಭಾವ: ತಂಗೀ, ನಾನೂ ಒಂದು ಸಲ ಸೂಜಿ ಚುಚ್ಚಿಸಿಕೊಂಡು ಬಂದುಬಿಡ್ಲಾ?

ಮನೆಯಾಕೆ: ಯಾಕೆ?

ಭಾವ ಗಂಟು ಬಿಚ್ಚಿದ.

ಮನೆಯಾಕೆ: ನನ್ನ ಹೊದಿಕೆ! ನೀಲಿ ಅಂಚಿನ ಹೊದಿಕೆ! ಹದಿನಾಲ್ಕು ವರ್ಷದಿಂದ ಹುಡುಕ್ತಿದ್ದೀನಿ! ಪಕ್ಕದ ಮನೆಯಾಕೆ ಮೇಲೆ ಅನುಮಾನ ಪಟ್ಟು ಅವರ ಜೊತೆ ಮಾತು ಬಿಟ್ಟಿದ್ದೀನಿ!

ಹೊದಿಕೆಯೊಳಗೆ ಅಪ್ಪನ ಗಡಿಯಾರ. ಗಾಜು ಫಳಫಳ. ಮರಕ್ಕೆ ಎಣ್ಣೆ ಸವರಿತ್ತು.

ಭಾವ: ಇದು ನಡೀತಿದೆ.

ಗಡಿಯಾರಪ್ಪ: ಯಾರು ರಿಪೇರಿ ಮಾಡಿದ್ದು?

ಭಾವ: ಯಾರೂ ಇಲ್ಲ. ಅವತ್ತು ಮನೆಗೆ ಒಯ್ದು ಗೋಡೆಗೆ ಹಾಕಿದೆ. ನಡೀತು.

ಗಡಿಯಾರಪ್ಪ: ಅವತ್ತೇ?

ಭಾವ: ಅವತ್ತೇ.

ಮನೆಯಾಕೆ: ಹದಿನಾಲ್ಕು ವರ್ಷದಿಂದ ಇದು ನಡೀತಿದೆಯಾ? ಮತ್ತೆ ಯಾಕೆ ಬಾಯಿ ಬಿಡಲಿಲ್ಲ?

ಭಾವ: ಅವತ್ತು ಹೋಗೋ ದಾರಿಯಲ್ಲೇ ಏಳು ಮನೆಗೆ ನುಗ್ಗಿ "ನಮ್ಮ ಭಾವನಿಗೆ ಕೆಲಸ ಬರಲ್ಲ" ಅಂತ ಹೇಳಿಕೊಂಡು ಬಂದಿದ್ದೆ. ಆಮೇಲೆ ನಡೀತಿದೆ ಅಂದ್ರೆ ನನ್ನ ಮಾನ ಎಲ್ಲಿ ಉಳೀತು? ನೆಂಟರು ಬಂದಾಗೆಲ್ಲ ಓಡಿಹೋಗಿ ಲೋಲಕ ಹಿಡಿದು ನಿಲ್ಲಿಸ್ತಿದ್ದೆ. ಅವರು ಹೋದ ಮೇಲೆ ಮತ್ತೆ ತಳ್ತಿದ್ದೆ. ನೀನು ಬಂದಾಗಲೂ ಅಷ್ಟೇ.

ಮನೆಯಾಕೆ: ಅದಕ್ಕೇ ನಾನು ಬಂದಾಗೆಲ್ಲ ಬಾಗಿಲು ತೆಗೆಯೋಕೆ ಅಷ್ಟು ಹೊತ್ತಾ!

ಗಡಿಯಾರಪ್ಪ: ಸುಳ್ಳು. ಸ್ಪ್ರಿಂಗ್ ಮುರಿದ ಗಡಿಯಾರ ನಡೆಯೋಕೆ ಸಾಧ್ಯ ಇಲ್ಲ. ತೂಗುಹಾಕಿ, ನೋಡೋಣ.

ಭಾವ ಅದನ್ನು ಆ ಹಳೆಯ ಮೊಳೆಗೇ ತೂಗುಹಾಕಿ, ಲೋಲಕ ಸಿಕ್ಕಿಸಿ, ಮೆಲ್ಲಗೆ ತಳ್ಳಿದ. ಟಿಕ್. ಟಿಕ್. ಟಿಕ್. ಟಿಕ್. ನಿಂತಿತು.

ಮೂವರೂ ಅದನ್ನೇ ನೋಡಿದರು.

ಭಾವ: ನನ್ನ ಮನೆಯಲ್ಲಿ ನಡೀತಿತ್ತು! ತಂದೆಯಾಣೆ, ಇವತ್ತು ಮಧ್ಯಾಹ್ನ ತನಕ ನಡೀತಿತ್ತು!

ಮನೆಯಾಕೆ: ಈ ಮನೆಯ ಗಾಳಿಯೇ ಅದಕ್ಕೆ ಆಗಿಬರಲ್ಲ.

ಗಡಿಯಾರಪ್ಪ: ಇನ್ನೊಂದು ಸಲ ತಳ್ಳಿ ಭಾವ. ಯಾರೂ ಮಾತಾಡಬೇಡಿ.

ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ವೈದ್ಯರು ಬೆಳಗ್ಗೆ ಅವನ ಎದೆಗೆ ಕಿವಿಗೊಟ್ಟ ಹಾಗೆ ಕೇಳಿದ.

ಗಡಿಯಾರಪ್ಪ: ಕುಂಟುತ್ತಿದೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಗಡಿಯಾರ ವಾರೆಯಾಗಿದೆ ಅಷ್ಟೇ. ಅಲ್ಲಿ ಗೋಡೆ ಉಬ್ಬಿದೆ, ಎಡಗಡೆಗೆ ಜಾರುತ್ತೆ. (ಏಳಹೋದ)

ಮನೆಯಾಕೆ ಮತ್ತು ಭಾವ: (ಒಟ್ಟಿಗೆ, ಅವನ ಹೆಗಲು ಒತ್ತಿ ಕೂರಿಸುತ್ತಾ) ಯಂತ್ರ!

ಗಡಿಯಾರಪ್ಪ: ಸರಿ, ನೀವೇ ಮಾಡಿ. ಕೆಳಗಿನ ಮೂಲೆ ಬಲಕ್ಕೆ ತಳ್ಳಿ. ಒಂದು ಬೆರಳಷ್ಟು. ಇನ್ನೂ ಸ್ವಲ್ಪ. ಹಾಂ! ಈಗ ಜಾರದ ಹಾಗೆ ಹಿಂದೆ ಒಂದು ಮಡಚಿದ ಕಾಗದ ಸಿಕ್ಕಿಸಿ. ಅವತ್ತೂ ಹಾಗೇ ಸಿಕ್ಕಿಸಿದ್ದೆ. ಲೇ, ಆ ಕಾಗದ ಏನಾಯ್ತು?

ಮನೆಯಾಕೆ: ಅದು ಕಸ ಅಲ್ವಾ?

ಗಡಿಯಾರಪ್ಪ: ಅಲ್ಲ.

ಮನೆಯಾಕೆ: ಧೂಳು ಒರೆಸೋವಾಗ ಗಡಿಯಾರದ ಹಿಂದೆ ಯಾರೋ ಕಸ ತುರುಕಿದ್ದಾರೆ ಅಂತ ಬಿಸಾಕಿದೆ.

ಭಾವ ಕೈಗೆ ಸಿಕ್ಕ ಕಾಗದ ಮಡಚಿ ಗಡಿಯಾರದ ಬೆನ್ನಿಗೆ ಸಿಕ್ಕಿಸಿ ತಳ್ಳಿದ. ಟಿಕ್, ಟಕ್, ಟಿಕ್, ಟಕ್. ಐದಾಯಿತು, ಹತ್ತಾಯಿತು, ಇಪ್ಪತ್ತಾಯಿತು. ನಿಲ್ಲಲಿಲ್ಲ.

ಭಾವ: ಅಂದ್ರೆ ತಂಗಿ ಕೆಡಿಸಲಿಲ್ಲ, ನಾನು ಕೆಡಿಸಲಿಲ್ಲ, ನೀವೂ ಕೆಡಿಸಲಿಲ್ಲ. ಗಡಿಯಾರ ಕೆಟ್ಟೇ ಇರಲಿಲ್ಲ. ಅಲ್ಲ ಭಾವ, ನಲವತ್ತು ವರ್ಷದ ಅನುಭವ ನಿಮ್ಮದು. ಅವತ್ತೇ ಯಾಕೆ ನೋಡಲಿಲ್ಲ ಇದನ್ನ?

ಗಡಿಯಾರಪ್ಪ: ಮೂಲೆ ಜಜ್ಜಿದ್ದು ಕಂಡಿತು. ತಿರುಗಿ ಇವಳ ಮುಖ ನೋಡಿದೆ. ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಆಮೇಲೆ ಗಡಿಯಾರ ಯಾರು ನೋಡ್ತಾರೆ?

ಮನೆಯಾಕೆ ನಾಲ್ಕನೆಯ ಚಮಚ ನೀರು ಕೊಟ್ಟಳು. 

ಭಾವ: ಹಾಗಾದ್ರೆ ರಾಜಿ ಅಂತ ತಿಳ್ಕೊಳ್ಳಲಾ ಭಾವ?

ಗಡಿಯಾರಪ್ಪ: ಅದು ಮುಖ್ಯವಾದ ನಿರ್ಧಾರ. ನಾಳೆ ಹನ್ನೊಂದರ ತನಕ ತಗೊಳ್ಳೋ ಹಾಗಿಲ್ಲ. ಅಲ್ಲಿ ತನಕ ನೀವು ಇಲ್ಲೇ ಇರಬೇಕಾಗುತ್ತೆ. ನನ್ನ ವಾಚು ಬೇರೆ ನಿಮ್ಮ ಕೈಯಲ್ಲಿದೆ.

ಅಷ್ಟರಲ್ಲಿ ಜೀವ ಬಂದ ಫೋನು ರಿಂಗಾಯಿತು. ಆಸ್ಪತ್ರೆಯ ನರ್ಸಮ್ಮ. ಮನೆಯಾಕೆ ಫೋನನ್ನು ಮೂವರಿಗೂ ಕೇಳುವ ಹಾಗೆ ಹಿಡಿದಳು.

ನರ್ಸಮ್ಮ: ಹೇಗಿದ್ದಾರಮ್ಮ? ರಕ್ತ ಏನಾದ್ರೂ ಬಂತಾ? ಎದೆ ನೋವು, ಉಸಿರು ಕಟ್ಟೋದು, ಜ್ವರ?

ಮನೆಯಾಕೆ: ಏನೂ ಇಲ್ಲಮ್ಮ. ನಾಲ್ಕು ಚಮಚ ನೀರು ಕುಡಿದಿದ್ದಾರೆ, ಕೆಮ್ಮಿಲ್ಲ.

ನರ್ಸಮ್ಮ: ಒಳ್ಳೇದು. ಬಿಸಿ ಬಿಸಿ ಏನೂ ಈಗಲೇ ಬೇಡ. ನಾವು ಕೊಟ್ಟ ಚೀಟಿ ಕೈಯಲ್ಲೇ ಇದೆ ತಾನೆ?

ಮೂವರೂ ಗಡಿಯಾರದ ಬೆನ್ನಿನ ಕಡೆ ನೋಡಿದರು.

ಮನೆಯಾಕೆ: ಚೀಟಿಯಿಂದಲೇ ಮನೆ ನಡೀತಿದೆಯಮ್ಮ.

ನರ್ಸಮ್ಮ: ಕೊನೇ ಪ್ರಶ್ನೆ. ನಾಳೆ ಬೆಳಗ್ಗೆ ತನಕ ರೋಗಿಯ ಜೊತೆಗೆ ತಿಳಿವಳಿಕೆ ಇರೋ, ಜವಾಬ್ದಾರಿ ಇರೋ ದೊಡ್ಡವರು ಒಬ್ಬರು ಇರಬೇಕು. ಯಾರಿದ್ದಾರೆ?

ಮನೆಯಾಕೆ ಅಣ್ಣನನ್ನು ನೋಡಿದಳು. ಅಣ್ಣ ಗಡಿಯಾರಪ್ಪನನ್ನು ನೋಡಿದ. ಗಡಿಯಾರಪ್ಪ ಚಾವಣಿ ನೋಡಿದ. ಹದಿನೆಂಟು ಗಡಿಯಾರಗಳು ಟಿಕ್‌ಟಿಕ್ ಎಂದವು.

ಮನೆಯಾಕೆ: ಅಂಥೋರು ಯಾರೂ ಇಲ್ಲಮ್ಮ. ನಾವು ಮೂರೇ ಜನ ಇರೋದು.